ಸುಳ್ಳು ಅಂದವರು ಕಡ್ಡಿ ಕಟ್ಟಬೇಕು

ಗೊದ್ದನಕೊಪ್ಪಲಿನ ಪಟೇಲರ ಮನೆ ಮಹದೇವಪ್ಪನವರು ಕೇರಿಯ ಹೆಂಗಸರಿಗೆ ಹೋದ ವರ್ಷ ಹೊಗೆಸೊಪ್ಪು ಕಟ್ಟಿದ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ಸೊಪ್ಪು ಬೆಂದಿತು, ಅದುಮಿ ಬೇಲು ಕಟ್ಟಿದ್ದಾಯಿತು, ಟ್ರ್ಯಾಕ್ಟರ್ ಹತ್ತಿ ಹುಣಸೂರಿನ ಹರಾಜಿಗೆ ಹೋಗಿ ಮಾರಾಟವೂ ಆಯಿತು. ಅದನ್ನು ಸೇದಿದವರು ಕೆಮ್ಮಿ ಬೂದಿ ಕೊಡವಿದ್ದೂ ಆಗಿರಬೇಕು. ಕೂಲಿ ಮಾತ್ರ ಬಂದಿಲ್ಲ. ಕೇಳಲು ಹೋದವರಿಗೆ ಮಹದೇವಪ್ಪನವರು ಜಗಲಿ ತೋರಿಸಿ, "ಕೂತಿರಿ, ಬಂದೆ" ಎಂದು ಒಳಗೆ ಹೋಗಿ ಹಿತ್ತಿಲ ಬಾಗಿಲಿನಿಂದ ಬೈಕು ಹತ್ತುತ್ತಾರೆ.

"ಅದ್ಕೇ ಕಣಮ್ಮಿ ಇದ್ಕೆ ಕೂಲಿ ಅಂತ ಹೆಸ್ರು ಬಂದದ್ದು," ಎಂದಳು ಪುಟ್ಟತಾಯಮ್ಮ, ಆ ಜಗಲಿಯ ಮೇಲೇ ಕೂತು. "ಹಳೇ ಕಾಲ್ದಲ್ಲಿ ಆಳು ದುಡ್ಡು ಕೇಳಕ್ಕೆ ಓದ್ರೆ ಯಜಮಾನ 'ಕೂರಿಲ್ಲಿ, ಕೂರಿಲ್ಲಿ' ಅಂತಿದ್ನಂತೆ. ಕೂತೂ ಕೂತೂ ನಡುವಿನ 'ರಿ' ಸವುದೋಯ್ತು. ಉಳಿದದ್ದು ಕೂಲಿ."

ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು. ಬರಿಗೈಯಲ್ಲಿ ಮನೆಗೆ ಹೋಗುವಾಗಲೂ ನಕ್ಕೊಂಡೇ ಹೋದರು. ಪುಟ್ಟತಾಯಮ್ಮನ ಕಸುಬು ಅದು. ಹೊಟ್ಟೆಪಾಡಿಗೆ ಸೊಪ್ಪು ಕಟ್ಟುತ್ತಾಳೆ. ಬಾಯಿಪಾಡಿಗೆ ಸುಳ್ಳು ಕಟ್ಟುತ್ತಾಳೆ.

ಅವಳು ಹುಟ್ಟಿದ್ದು ಕೆ.ಆರ್. ನಗರದ ಕಾಲುವೆ ಬಯಲಲ್ಲಿ, ಭತ್ತದ ಕೆಸರಿನ ಮಗ್ಗುಲಲ್ಲಿ. ಹುಚ್ಚಯ್ಯನ ಕೈ ಹಿಡಿದು ಹುಣಸೂರಿನ ಕಡೆಯ ಈ ಊರಿಗೆ ಬಂದಾಗ ಹೊಗೆಸೊಪ್ಪು ಅಂದರೆ ಏನೆಂದೇ ಗೊತ್ತಿರಲಿಲ್ಲ. ಮೊದಲ ದಿನ ಹಸಿ ಸೊಪ್ಪು ಮುಟ್ಟಿದ್ದೇ ಅಂಟು ಕೈಗೆ ಕಪ್ಪಗೆ ಮೆತ್ತಿಕೊಂಡಿತು. ಮಧ್ಯಾಹ್ನ ಉಂಡ ಮುದ್ದೆ ಕಹಿಯಾಯಿತು. ಸಂಜೆಗೆ ತಲೆ ಗಿರ್ರೆಂದು ವಾಂತಿ ಉಕ್ಕಿ ಬಂತು. ಹೊಗೆಸೊಪ್ಪು ಹೊಸಬರಿಗೆ ಹಾಗೇ ಮಾಡುತ್ತದೆ. ಪಕ್ಕದಲ್ಲಿ ಕೂತಿದ್ದವಳು ಗಂಡನ ಅಕ್ಕ ತಿಮ್ಮಮ್ಮ. ಅವಳು ಸೊಂಟದ ಚೀಲದಿಂದ ಹುಣಸೆಹಣ್ಣು ತೆಗೆದು ಬಾಯಿಗೆ ತುರುಕಿ, "ಮನ್ಸ ಬ್ಯಾರೆ ಕಡೆ ಮಡಗಮ್ಮಿ. ಎಲ್ಲಿ, ಚಪ್ಲಿಗೆ ಚಪ್ಲಿ ಅಂತ ಯಾಕಂದ್ರು, ಯೋಳು ನೋಡಮ," ಎಂದಳು.

ವಾಂತಿ ತಡೆಯಬೇಕಿತ್ತು. ಬಾಯಿಗೆ ಬಂದದ್ದನ್ನು ಪುಟ್ಟತಾಯಮ್ಮ ಹೇಳಿದಳು: ಹಿಂದಿನ ಕಾಲದಲ್ಲಿ ಎಲ್ಲರೂ ಬರಿಗಾಲಲ್ಲಿ ತಿರುಗುತ್ತಿದ್ದರು. ಒಬ್ಬ ಒಂದು ತುಂಡು ತೊಗಲು ಬೀಸಿ ಒಂದು ಇಲಿಗೆ ಹೊಡೆದ. 'ಚಪ್' ಅಂತ ಸದ್ದು ಬಂತು, ಇಲಿ ಸತ್ತಿತು. ಚಪ್ಪಿಲಿ ಅಂದರು. ಆಮೇಲೆ ಕಾಲಿಗೂ ಹಾಕಿಕೊಂಡರು, ಗಂಡಸರು ಹೆಂಡಿರ ಬೆನ್ನಿಗೂ ಉಪಯೋಗಿಸಿದರು. ಮೊದಲ ಬಳಕೆ ಮಾತ್ರ ಇಲಿಗೆ.

ತಿಮ್ಮಮ್ಮ ನಕ್ಕಳು. ಪುಟ್ಟತಾಯಮ್ಮನ ವಾಂತಿ ನಿಂತಿತು. ಅಲ್ಲಿಂದ ಶುರುವಾದದ್ದು ಪಟೇಲರ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಪದ್ಧತಿಯೇ ಆಗಿಹೋಯಿತು. ಬ್ಯಾರನ್ನೆಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಬೆಳಿಗ್ಗೆ ಮುರಿದ ಸೊಪ್ಪನ್ನು ಮಧ್ಯಾಹ್ನ ಉದ್ದನೆಯ ಕಡ್ಡಿಗಳಿಗೆ ಜೊತೆ ಜೊತೆಯಾಗಿ ದಾರದಿಂದ ಕಟ್ಟಿ ಅದರೊಳಗೆ ಸಾಲಾಗಿ ನೇತುಹಾಕುತ್ತಾರೆ. ಕೂಲಿ ಕಡ್ಡಿ ಲೆಕ್ಕ. ಕಟ್ಟುವಾಗ ಯಾರಾದರೂ ಒಂದು ಮಾತು ಎಸೆದು, "ಇದಕ್ಕೆ ಹೆಸ್ರು ಹೆಂಗ್ ಬಂತು?" ಎಂದರೆ ಕೈ ನಿಲ್ಲಿಸದೆ ಒಂದು ಹುಟ್ಟು ಕಟ್ಟಿ ಹೇಳಬೇಕು. ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು, ಗೊತ್ತಿರುವುದೇ ಮಜ. ಆದರೆ 'ಸುಳ್ಳು' ಎಂದು ಬಾಯಿಬಿಟ್ಟು ಅನ್ನುವ ಹಾಗಿಲ್ಲ. ಅಂದವಳು ಹೇಳಿದವಳ ಕೈಯಲ್ಲಿ ಉಳಿದ ಕಡ್ಡಿಯನ್ನು ತಾನು ಕಟ್ಟಿಕೊಡಬೇಕು. ತನ್ನ ಕೂಲಿ ಬಿಟ್ಟು ಇನ್ನೊಬ್ಬರ ಕಡ್ಡಿ ಕಟ್ಟುವ ಪುಣ್ಯಾತ್ಗಿತ್ತಿ ಯಾರು? ಆ ಚಪ್ಪರದಲ್ಲಿ ಹೇಳಿದ ಯಾವ ಹುಟ್ಟನ್ನೂ 'ಸುಳ್ಳು' ಎಂದು ಯಾರೂ ಅಂದದ್ದೇ ಇಲ್ಲ.

ಆಫೀಸು ಅಂತ ಯಾಕೆ? "ಈ ಫೀಸು ಕಟ್ಟುದ್ರೂ 'ಆ ಫೀಸು?' ಅಂತ ಮೇಜಿನ ಕೆಳಗೆ ಕೈ ಚಾಚ್ತಾರಲ್ಲ, ಅದ್ಕೆ." ಸಾಲ? "ಎಷ್ಟ್ ಕೊಟ್ರೂ ಸಾವ್ಕಾರ 'ಸಾಲದು, ಸಾಲದು' ಅಂತಿದ್ದ. 'ದು' ಬಡ್ಡಿಗೋಯ್ತು, ಸಾಲ ನಿಂತ್ಕತ್ತು." ಗಂಡ? "ನಿಜವಾದ ಮಾತು ಗಂಡಾಂತರ ಕಣ್ರವ್ವ. ಪೂರಾ ಯೋಳುದ್ರೆ ಹೆಣ್ಣು ಹಸೆಮಣೆ ಬುಟ್ಟು ಎದ್ದೋಯ್ತಳೆ ಅಂತ ಅರ್ಧಕ್ಕೇ ನಿಲ್ಸುದ್ರು. ಮಿಕ್ಕುದ್ದು ಆಮೇಲೆ ತಾನಾಗೇ ಗೊತ್ತಾಯ್ತದೆ."

ಹುಚ್ಚಯ್ಯ ಗಂಡಾಂತರವೇನೂ ಆಗಿರಲಿಲ್ಲ. ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಿದ್ದ, ಕುಡಿದ ದಿನ ಹಾಡುತ್ತಿದ್ದ, ಕುಡಿಯದ ದಿನ ಸುಮ್ಮನಿರುತ್ತಿದ್ದ. ಎದೆಯಲ್ಲಿ ಹೊಗೆ ಕೂತು ಸತ್ತ. ಕೇರಿಯವರು ಅವನನ್ನು ಅಜ್ಜಿಮಾಳದಲ್ಲಿ ಹೂತರು.

ಅಜ್ಜಿಮಾಳವೆಂದರೆ ಊರ ಪಡುವಲಿಗೆ, ಪಟೇಲರ ಹೊಲಕ್ಕೆ ತಾಗಿದಂತೆ ಇರುವ ಬಯಲು. ಕೇರಿಯ ಸತ್ತವರೆಲ್ಲ ಅಲ್ಲಿದ್ದಾರೆ. ಮೊಟ್ಟಮೊದಲು ಅಲ್ಲಿ ಮಣ್ಣು ಕಂಡವಳು ಈ ಊರಿಗೆ ಬಂದು ಕೇರಿ ಕಟ್ಟಿದ ಮುದುಕಿಯಂತೆ, ಅದಕ್ಕೆ ಆ ಹೆಸರು. ಅಲ್ಲಿ ಯಾರಿಗೂ ಸಮಾಧಿ ಕಟ್ಟಿಸುವ ಯೋಗ್ಯತೆ ಇರಲಿಲ್ಲ. ಒಂದು ದಿಬ್ಬ, ತಲೆಯ ಕಡೆ ಒಂದು ಕಾಡುಕಲ್ಲು, ಅಷ್ಟೇ. ಕೇರಿಯಲ್ಲಿ ಯಾರಾದರೂ ಸತ್ತರೆ 'ಅಜ್ಜಿ ಹತ್ರಕ್ಕೆ ಓದ್ರು' ಅನ್ನುತ್ತಾರೆ. ತಿಮ್ಮಮ್ಮ ತಮ್ಮನ ದಿಬ್ಬದ ಪಕ್ಕದ ಜಾಗವನ್ನು ಕಾಲಲ್ಲಿ ಗೀರಿ ತೋರಿಸಿ ಇಟ್ಟಿದ್ದಳು. "ಇಲ್ಲಿ ನಾನು. ಯಾರನ್ನಾರ ತಂದು ಮನುಗ್ಸೀರಿ, ಎದ್ದು ಬಂದು ವದೀತೀನಿ."

ಈ ವರ್ಷ ಸೊಪ್ಪು ಕಟ್ಟುವ ಕಾಲ ಬಂತು. ಹಳೆಯ ಕೂಲಿ ಬಂದಿಲ್ಲದಿದ್ದರೂ ಹೆಂಗಸರು ಬಂದರು. ಬರದಿದ್ದರೆ ಹಳೆಯದೂ ಮುಳುಗುತ್ತದೆ. ಯಜಮಾನರಿಗೆ ಅದು ಚೆನ್ನಾಗಿ ಗೊತ್ತು. ಮಹದೇವಪ್ಪನವರ ಹೆಂಡತಿ ಸುನಂದಮ್ಮ ಕುರ್ಚಿ ಹಾಕಿಕೊಂಡು ಚಪ್ಪರದ ನೆರಳಲ್ಲಿ ಕೂತಿದ್ದರು. ಸೊಸೆ ರೂಪಶ್ರೀ ಕಾಫಿ ತಂದಳು. ಸುನಂದಮ್ಮ ತಮ್ಮ ಒಡವೆಯನ್ನು ಸೊಸೆಯ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾರೆಂದು ಊರಿಗೇ ಗೊತ್ತಿತ್ತು. ಊರಿಗೆ ಗೊತ್ತೆಂಬುದು ಗೊತ್ತಿಲ್ಲದವರು ಸುನಂದಮ್ಮ ಒಬ್ಬರೇ.

"ಪುಟ್ಟತಾಯಮ್ಮ, ಇವತ್ತೊಂದು ಸುಳ್ಳು ಕಟ್ಟಮ್ಮ," ಎಂದು ರೂಪಶ್ರೀ ಮೊಬೈಲು ಎತ್ತಿ ಹಿಡಿದಳು.

"ಅಜ್ಜಿಮಾಳ!" ಎಂದಳು ಪುಷ್ಪಾ, ಕೇರಿಯ ಕಿರಿಯ ಸೊಸೆ, ತುಂಟಿ. "ಅಜ್ಜಿಮಾಳ ಅಂತ ಯಾಕಂದ್ರು ಯೋಳತ್ತೆ."

ಎಲ್ಲರಿಗೂ ನಿಜ ಗೊತ್ತಿರುವ ಮಾತಿಗೆ ಸುಳ್ಳು ಕಟ್ಟುವುದೇ ಕಷ್ಟದ ಆಟ. ಪುಟ್ಟತಾಯಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿ, ಸುನಂದಮ್ಮನವರ ಕಡೆ ಒಂದು ಓರೆಗಣ್ಣು ಬಿಟ್ಟು ಶುರು ಮಾಡಿದಳು.

"ಪಟೇಲರ ಮನೇಲಿ ಒಬ್ಳು ಅಜ್ಜಿ ಇದ್ಲಂತೆ. ಮೈತುಂಬ ಚಿನ್ನ. ಮನೆಗೆ ಸೊಸೆ ಬಂದ್ಲು ನೋಡಿ, ಅಜ್ಜಿ ನಿದ್ದೆ ಕೆಟ್ಟೋಯ್ತು. ಅಕ್ಕಿ ಡಬ್ಬೀಲಿ ಮಡಗುದ್ಲು, ಇಲಿ ಬಂತು. ಅಟ್ಟದ್ ಮ್ಯಾಲೆ ಮಡಗುದ್ಲು, ಬೆಕ್ಕು ಬಂತು. ಕೊನೆಗೆ ಎಲ್ಲಾನೂ ಸೆರಗಲ್ಲಿ ಗಂಟಾಕಂಡು ಮಾಳಕ್ಕೋಗಿ ಊತ್ಬುಟ್ಲು. ಮನೆಗ್ ಬಂದು ಒಂದ್ ಚೊಂಬು ಮಜ್ಗೆ ಕುಡುದ್ಲು. ಎಲ್ಲಿ ಊತೆ ಅನ್ನದು ಮಜ್ಗೆ ಜೊತೇಲಿ ಹೊಟ್ಟೆಗೋಯ್ತು! ಮಾರ್ನೇ ದಿನದಿಂದ ಅಗೆಯಕ್ಕೆ ನಿಂತ್ಲು. ಇಲ್ಲೊಂದ್ ಗುಂಡಿ, ಅಲ್ಲೊಂದ್ ದಿಬ್ಬ. ಅಗೆದೂ ಅಗೆದೂ ಅಲ್ಲೇ ಸತ್ಲು. ಅದ್ಕೇ ಅಜ್ಜಿಮಾಳ. ಚಿನ್ನ ಇನ್ನೂ ಅಲ್ಲೇ ಅದೆ. ನಮ್ ಕೇರಿಯೋರ್ಗೆ ಏನ್ ಲಾಭ ಅಂದ್ರೆ, ಸತ್ರೆ ಗುಂಡಿ ತೋಡೋ ಕೆಲ್ಸಿಲ್ಲ. ಅಜ್ಜಿ ಆಗ್ಲೇ ತೋಡಿ ಮಡಗವ್ಳೆ!"

ಚಪ್ಪರ ಹಾರಿಹೋಗುವಂತೆ ನಗು ಎದ್ದಿತು. ರೂಪಶ್ರೀಯ ಕೈಯಲ್ಲಿ ಮೊಬೈಲು ಅಲ್ಲಾಡಿತು. ಸುನಂದಮ್ಮ ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಗೊತ್ತಾಗಿತ್ತು. ಆದರೆ ಬಯ್ದರೆ ಅಕ್ಕಿ ಡಬ್ಬಿಯನ್ನು ಒಪ್ಪಿಕೊಂಡ ಹಾಗೆ.

ನಗದೆ ಇದ್ದವಳು ತಿಮ್ಮಮ್ಮ ಒಬ್ಬಳೇ. ಈ ವರ್ಷ ಅವಳಿಗೂ ತಮ್ಮನ ಕೆಮ್ಮೇ ಬಂದು ಕೂತಿತ್ತು. ಕೆಮ್ಮು ನಿಂತ ಮೇಲೆ ಹೇಳಿದಳು: "ಸತ್ತೋರ್ ಮ್ಯಾಲೆ ಕಟ್ಟಬ್ಯಾಡ ಕಣಮ್ಮಿ. ಅವ್ರು ಎದ್ದು ಬಂದು ಸುಳ್ಳು ಅನ್ನಕ್ಕಾಯ್ತದಾ?"

"ಬುಡಕ್ಕ, ನಗಕ್ಕೆ ಅಲ್ವಾ," ಎಂದಳು ಪುಟ್ಟತಾಯಮ್ಮ.

ರೂಪಶ್ರೀ ಆ ವಿಡಿಯೊವನ್ನು ಅತ್ತೆಯ ಮೇಲಿನ ಸಿಟ್ಟಿಗೆ ಎಲ್ಲರಿಗೂ ಕಳಿಸಿದಳು. ಅದು ಪಿರಿಯಾಪಟ್ಟಣ ದಾಟಿತು, ಕೋಟೆ ತಾಲ್ಲೂಕಿಗೂ ಹೋಯಿತು. ಅಲ್ಲಿಯ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬೇಕರಿ ಇಟ್ಟಿದ್ದ ದೂರದ ನೆಂಟ ಕುಮಾರ್ ಫೋನು ಮಾಡಿ, "ಚಿಕ್ಕವ್ವ, ಇಲ್ಲಿ ಬಸ್ಸಿಗೆ ಕಾಯೋರೆಲ್ಲ ನಿನ್ನೇ ನೋಡ್ತಾ ಕುಂತವ್ರೆ," ಎಂದಾಗ ಪುಟ್ಟತಾಯಮ್ಮ ಎರಡು ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಸುಳ್ಳೇಕೆ, ಖುಷಿಯಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಮೇಕೆ ಬಿಡಲು ಹೋದವರಿಗೆ ಮಾಳದ ಮೇಲೆ ಸುಣ್ಣದ ಗೆರೆ ಕಂಡಿತು. ನೇರವಾದ ಗೆರೆ. ಪಟೇಲರ ಹೊಲದಿಂದ ಹೊರಟು, ದಿಬ್ಬಗಳ ಮೇಲೇ ಹಾದು, ಹೊಂಗೆಮರದ ಬುಡ ಸುತ್ತಿ ಮತ್ತೆ ಪಟೇಲರ ಹೊಲಕ್ಕೇ ಬಂದು ಸೇರುತ್ತಿತ್ತು. ಯಾರು ಎಳೆದರು ಅಂತ ಯಾರಿಗೂ ಗೊತ್ತಿಲ್ಲ. ಮೇಕೆಗಳು ಗೆರೆ ದಾಟಿ ಮೇದವು. ಜನ ದಾಟಲಿಲ್ಲ. ಗೆರೆ ಎಳೆಯುವವರು ಬೇರೆ, ನಿಲ್ಲುವವರು ಬೇರೆ ಅನ್ನುವುದು ನಮ್ಮ ಕೇರಿಯವರ ಕಾಲಿಗೆ ಹುಟ್ಟಿನಿಂದ ಕಲಿಸಿದ ಪಾಠ.

ವಾರ ಕಳೆಯುವುದರೊಳಗೆ ಹೊಂಗೆಮರದ ಕೆಳಗೆ ಇಟ್ಟಿಗೆಯ ಕಟ್ಟೆ ಎದ್ದಿತು. ಕಟ್ಟೆಯ ಮೇಲೆ ವಿಭೂತಿ ಬಳಿದ ಕಲ್ಲು. ತಿಮ್ಮಮ್ಮ ದೂರದಿಂದಲೇ ಗುರುತಿಸಿದಳು. ಅದು ಅವಳ ತಾಯಿಯ ತಲೆಗಲ್ಲು. ಪಕ್ಕದಲ್ಲಿ ಬೋರ್ಡು ಬಂತು: 'ಪಟೇಲರ ಮನೆತನದ ಅಜ್ಜಮ್ಮನವರ ಗದ್ದುಗೆ. ಅಪ್ಪಣೆಯಿಲ್ಲದೆ ಒಳಗೆ ಬರಕೂಡದು.' ಬೋರ್ಡಿನ ಹಿಂದೆ ಕಲ್ಲುಕಂಬ, ತಂತಿ, ಗೇಟು.

ಇದೆಲ್ಲ ಮಹದೇವಪ್ಪನವರ ಮಗ ರಘುವಿನ ಕೆಲಸ. ಕಾಡು ನೋಡಲು ಬರುವ ಮೈಸೂರಿನವರಿಗೆ ಹೋಂಸ್ಟೇ ಮಾಡಬೇಕೆಂದು ಅವನು ಬಹಳ ದಿನದಿಂದ ಜಾಗ ಹುಡುಕುತ್ತಿದ್ದ. ಹೆಂಡತಿಯ ವಿಡಿಯೊದಲ್ಲಿ ಎಲ್ಲರೂ ನಗು ನೋಡಿದರೆ ಅವನು ಜಾಗ ನೋಡಿದ. 'ಇವತ್ತೊಂದು ಸುಳ್ಳು ಕಟ್ಟಮ್ಮ' ಅನ್ನುವ ಮೊದಲನ್ನೂ, ಕೇರಿಯವರ ಗುಂಡಿಯ ಮಾತು ಬರುವ ಕೊನೆಯನ್ನೂ ಕತ್ತರಿಸಿದ. ನಡುವೆ ಉಳಿದದ್ದು ಒಬ್ಬ ಕೂಲಿ ಮುದುಕಿ ಪಟೇಲರ ಅಜ್ಜಿಯ ಕತೆ ಹೇಳುವುದು. ಹಿಂದೆ ಕೊಳಲಿನ ಸದ್ದು ಹಾಕಿಸಿ, 'ಹಿರಿಯರ ಬಾಯಿಂದ ಊರಿನ ಚರಿತ್ರೆ' ಎಂದು ಮೇಲೆ ಬರೆಸಿ ಮತ್ತೆ ಬಿಟ್ಟ. ಮೊದಲನೆಯದಕ್ಕಿಂತ ಇದು ಜಾಸ್ತಿ ಓಡಿತು.

ಚಪ್ಪರದಲ್ಲಿ ನಗು ಸಣ್ಣಗಾಯಿತು. ಒಂದು ಮಧ್ಯಾಹ್ನ ಸುಮ್ಮನಿರಲಾಗದೆ ಪುಷ್ಪಾ ಕೇಳಿದಳು: "ಅತ್ತೆ, ಬೇಲಿ ಅಂತ ಯಾಕಂದ್ರು?"

ಪುಟ್ಟತಾಯಮ್ಮನ ಕೈ ನಿಲ್ಲಲಿಲ್ಲ. ಪದ್ಧತಿಯಂತೆ ಹೇಳಲೇಬೇಕು. "ಬಂದೋನ್ಗೆಲ್ಲ 'ಬ್ಯಾಡ ಇಲ್ಲಿ, ನೀನ್ ಬ್ಯಾಡ ಇಲ್ಲಿ' ಅಂತಿತ್ತಂತೆ. ಅದೇ ಬೇಲಿ ಆಯ್ತು."

ಯಾರೂ ನಗಲಿಲ್ಲ.

ಕತೆಯಲ್ಲಿ ಚಿನ್ನವಿತ್ತಲ್ಲ, ಅದು ತನ್ನ ಕೆಲಸ ಶುರು ಮಾಡಿತು. ಅಮಾವಾಸ್ಯೆ ಕಳೆದ ಬೆಳಿಗ್ಗೆ ಪುಟ್ಟತಾಯಮ್ಮ ಸೌದೆಗೆಂದು ಮಾಳದ ಆಚೆ ಅಂಚಿಗೆ ಹೋದಳು. ನಾಯಿಗಳು ಒಂದು ಕಡೆ ಸೇರಿದ್ದವು. ಕಲ್ಲು ಬೀಸಿ ಓಡಿಸಿ, ತಂತಿಯಡಿ ನುಸುಳಿ ಹತ್ತಿರ ಹೋದಳು. ಹುಚ್ಚಯ್ಯನ ದಿಬ್ಬವನ್ನು ಅಗೆದಿದ್ದರು. ಗುಂಡಿಯ ಸುತ್ತ ನಿಂಬೆಹಣ್ಣು, ಅರಿಸಿನ ಕುಂಕುಮ, ಒಂದು ಮುರಿದ ಗುದ್ದಲಿ ಕಾವು. ತಳದಲ್ಲಿ ಅವಳೇ ಹೊದಿಸಿ ಕಳಿಸಿದ್ದ ಪಂಚೆಯ ಕರಿ ಅಂಚು ಕಾಣುತ್ತಿತ್ತು. ಮನೆಗೆ ಹೋಗಿ ಸನಿಕೆ ತಂದು ಒಬ್ಬಳೇ ಮಣ್ಣು ಎಳೆದು ಮುಚ್ಚಿದಳು, ಮೇಲೆ ಮುಳ್ಳು ಹಾಕಿದಳು. ಆಮೇಲೆ ಅದೇ ಮಣ್ಣುಗಾಲಲ್ಲಿ ಪಟೇಲರ ಮನೆಯ ಅಂಗಳಕ್ಕೆ ಹೋದಳು.

"ನಿಧಿ ಅಂತ ನನ್ ಗಂಡನ್ನ ಅಗುದವ್ರೆ ರಘಪ್ಪ. ನಗಕ್ಕೆ ಯೋಳಿದ್ ಮಾತದು. ಆ ವಿಡಿಯೊ ತಗುಸಿ. ಬೇಲಿ ತಗುಸಿ."

ರಘು ಬೈಕು ಒರೆಸುತ್ತಿದ್ದ. "ನಾನೆಲ್ಲಿ ಹೇಳಿದೆ? ನೀನೇ ಹೇಳಿದ್ದು. ನಿನ್ ಮುಖ, ನಿನ್ ಬಾಯಿ. ಜನ ನಂಬವ್ರೆ. ಅಗೆಯೋರನ್ನ ತಡೆಯಕ್ಕೇ ಅಲ್ವಾ ಬೇಲಿ ಹಾಕಿರೋದು? ನೀನೇ ಬಂದು ನನಗೆ ಕೈ ಮುಗೀಬೇಕು."

"ಸುಳ್ಳು ಕಟ್ದೆ ಅಂತ ಎಲ್ರ ಮುಂದೆ ಯೋಳ್ತೀನಿ."

"ಹೇಳು, ಹೇಳು. ಸುಳ್ಳಿ ಅಂತ ಹೆಸರು ಪಡೆದೋಳು ಸುಳ್ಳು ಹೇಳಿದೆ ಅಂದ್ರೆ ಅದನ್ನ ಯಾವನು ನಂಬ್ತಾನೆ?"

ಹಿತ್ತಿಲ ಕಡೆಯಿಂದ ಹೋಗುವಾಗ ರೂಪಶ್ರೀ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಳು. "ನೀವು ಹಿಡಿದ ಪೂರಾ ವಿಡಿಯೊ ಅದೆ ಅಲ್ವ್ರಾ ಅಮ್ಮಯ್ಯ? ಅದ್ನ ತೋರ್ಸಿ ಸಾಕು," ಎಂದಳು ಪುಟ್ಟತಾಯಮ್ಮ. ರೂಪಶ್ರೀ ಸದ್ದಿಲ್ಲದೆ, "ಅಳಿಸಿದ್ರು ಕಣಮ್ಮ. ಫೋನೇ ಕಿತ್ಕೊಂಡ್ರು," ಎಂದು ಕಿಟಕಿ ಮುಚ್ಚಿದಳು. ಕುಮಾರನಿಗೆ ಫೋನು ಮಾಡಿಸಿದರೆ ಅವನ ಬಳಿಯೂ ಉಳಿದದ್ದು ಕತ್ತರಿಸಿದ್ದೊಂದೇ.

ತಿಮ್ಮಮ್ಮನ ಮೊಮ್ಮಗಳು ಸಂಘಮಿತ್ರ ಹುಣಸೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಅವಳು ಕೇರಿಯವರ ಕಡೆಯಿಂದ ದೂರು ಕೊಟ್ಟಳು. ಸರ್ಕಾರದ ದಾಖಲೆಯಲ್ಲಿ ಅಜ್ಜಿಮಾಳ ಗೋಮಾಳವೆಂದಿತ್ತು. ಹೆಣ ಹೂಳುವ ಜಾಗವೆಂದು ಯಾರೂ ಯಾವ ಕಾಲದಲ್ಲೂ ಬರೆಸಿರಲಿಲ್ಲ. ಬರೆಸಬೇಕೆಂದು ಯಾರಿಗೆ ಹೊಳೆಯುತ್ತದೆ? ಸತ್ತವರು ಅಲ್ಲೇ ಇದ್ದರಲ್ಲ. ಹಾಗಾಗಿ ಸ್ಥಳದಲ್ಲೇ ವಿಚಾರಣೆ ಮಾಡಿ ಊರವರ ಮಾತು ಕೇಳುತ್ತೇವೆ ಎಂದು ಒಬ್ಬ ಅಧಿಕಾರಿ ಬಂದ. ಅವತ್ತು ಗೇಟು ತೆರೆದು ಹೊಂಗೆಮರದ ನೆರಳಲ್ಲಿ ಕುರ್ಚಿ ಹಾಕಿದರು. ಊರವರು ಒಂದು ಕಡೆ, ಕೇರಿಯವರು ಇನ್ನೊಂದು ಕಡೆ ನಿಂತರು.

ಪುಟ್ಟತಾಯಮ್ಮ ಮುಂದೆ ಬಂದು ಹೇಳಿದಳು. "ಸಾಮಿ, ಆ ಕತೆ ನಾನ್ ಕಟ್ಟಿದ್ದು. ಆ ಅಜ್ಜೀನೂ ಇಲ್ಲ, ಚಿನ್ನಾನೂ ಇಲ್ಲ. ಇಲ್ಲಿರೋದು ನಮ್ ಸತ್ತೋರು."

ರಘು ಮೊಬೈಲು ತೆಗೆದು, ಹೆಂಡತಿ ಬೇರೆ ದಿನಗಳಲ್ಲಿ ಹಿಡಿದಿದ್ದ ವಿಡಿಯೊಗಳನ್ನು ಅಧಿಕಾರಿಗೆ ಒಂದಾದ ಮೇಲೊಂದು ತೋರಿಸಿದ. ಚಪ್ಪಲಿಯ ಕತೆ, ಸಾಲದ ಕತೆ, ಆಫೀಸಿನ ಕತೆ. ಆಫೀಸಿನ ಕತೆಗೆ ಅಧಿಕಾರಿಯ ಮುಖ ಬಿಗಿಯಿತು. "ನೋಡಿ ಸಾರ್, ಈಕೆ ಕಸುಬೇ ಸುಳ್ಳು. ಇದೊಂದು ನಿಜ ಬಾಯಿತಪ್ಪಿ ಬಂದಿತ್ತು. ಈಗ ಅದನ್ನೂ ಸುಳ್ಳು ಅಂತಾಳೆ."

ಊರವರ ಕಡೆಯಿಂದ ನಗು ಬಂತು. ಅಷ್ಟು ವರ್ಷ ನಗಿಸಿದವಳಿಗೆ ಆ ನಗು ಪರಿಚಯದ್ದಾಗಿರಲಿಲ್ಲ.

"ಬೇರೆ ಯಾರಾದರೂ ಹೇಳ್ತೀರಾ?" ಎಂದ ಅಧಿಕಾರಿ ಕೇರಿಯ ಹೆಂಗಸರ ಕಡೆ ನೋಡಿದ. ಚಪ್ಪರದಲ್ಲಿ ಕೂತು ಅದೇ ಕತೆಗೆ ನಕ್ಕವರೆಲ್ಲ ಅಲ್ಲಿದ್ದರು. ಮಹದೇವಪ್ಪನವರು ಹೆಗಲ ವಸ್ತ್ರ ಸರಿಮಾಡಿಕೊಂಡು, ಯಾರಿಗೂ ಅಲ್ಲವೆಂಬಂತೆ, "ಈ ಸಲ ಹರಾಜು ಆದ ಕೂಡ್ಲೆ ಹಳೇದು ಹೊಸದು ಎಲ್ಲಾ ಒಟ್ಟಿಗೆ ಚುಕ್ತಾ ಮಾಡಬೇಕು ಅಂತಿದ್ದೆ. ನೋಡಣ," ಎಂದರು. ಹೆಂಗಸರು ನೆಲ ನೋಡಿದರು. ಕೂಲಿಯ ಭಯ ಒಂದು ಕಡೆ. ಪುಟ್ಟತಾಯಮ್ಮ ಕಟ್ಟಿದ್ದನ್ನು ಸುಳ್ಳು ಅನ್ನದೆ ಬಂದ ನಾಲಗೆ ಇನ್ನೊಂದು ಕಡೆ.

"ಸುಳ್ಳು."

ಮೊಮ್ಮಗಳ ಹೆಗಲಿಗೆ ಒರಗಿ ಕೂತಿದ್ದ ತಿಮ್ಮಮ್ಮ ಹೇಳಿದ್ದು. ದನಿ ಏಳಲಿಲ್ಲ. ಕೆಮ್ಮಿ, ಉಗಿದು, ಮತ್ತೆ ಹೇಳಿದಳು. "ಅದು ಸುಳ್ಳು. ಆ ಕಟ್ಟೆ ಮ್ಯಾಲಿರೋದು ನಮ್ಮವ್ವನ್ ತಲೆಗಲ್ಲು. ನನ್ ತಮ್ಮ ಅಲ್ಲವ್ನೆ. ನಾಕ್ ದಿನಕ್ಕೆ ನಾನೂ ಅಲ್ಲೇ. ಬರ್ಕಳಿ."

ಅಧಿಕಾರಿ 'ವಯಸ್ಸಾದ ಒಬ್ಬ ಹೆಂಗಸಿನ ತಕರಾರು ಇದೆ' ಎಂದು ಬರೆದುಕೊಂಡ. ಒಬ್ಬರ ಮಾತು ಸಾಲದು, ಇನ್ನೊಂದು ವಿಚಾರಣೆ ಇಡುತ್ತೇವೆ, ಅಲ್ಲಿಯವರೆಗೆ ಇದ್ದದ್ದು ಇದ್ದ ಹಾಗೇ ಇರಲಿ ಎಂದ. ಇದ್ದದ್ದು ಅಂದರೆ ಬೇಲಿ.

ಅಲ್ಲಿಂದ ತಿಮ್ಮಮ್ಮ ಮನೆಗೆ ಹೋಗಲಿಲ್ಲ. ಮೊಮ್ಮಗಳ ಕೈ ಹಿಡಿದು ಪಟೇಲರ ಚಪ್ಪರಕ್ಕೆ ಹೋಗಿ ಕೂತಳು. "ಪುಟ್ಟತಾಯಿ, ನಿನ್ ಕಡ್ಡಿ ಕೊಡಮ್ಮಿ."

"ಬುಡಕ್ಕ. ಇದ್ಯಾವ್ ಆಟ ಈಗ?"

"ಸುಳ್ಳು ಅಂದಿವ್ನಿ. ಕಟ್ಬೇಕು. ನಾಳೆ ಯಾವ್ಳೂ ನನ್ನ ಮಾತಿಗೆ ತಪ್ಪಿದ್ಲು ಅನ್ಬಾರ್ದು."

ಪುಟ್ಟತಾಯಮ್ಮ ಕೊಟ್ಟಳು. ತಿಮ್ಮಮ್ಮ ಒಂದೊಂದು ಜೊತೆ ಸೊಪ್ಪಿಗೂ ಉಸಿರು ತೆಗೆದುಕೊಂಡು ಕಟ್ಟಿದಳು. ಸುನಂದಮ್ಮ ಕುರ್ಚಿಯಿಂದ ಎದ್ದು ಒಳಗೆ ಹೋದರು. ಅರ್ಧ ಕಡ್ಡಿ ಆದ ಮೇಲೆ ಮುದುಕಿಯ ಬೆರಳು ದಾರ ಹಿಡಿಯಲಿಲ್ಲ. "ಮಿಕ್ಕುದ್ದು ಯಾರಾರ ಕಟ್ಟಿ," ಎಂದು ಕಡ್ಡಿಯನ್ನು ತೊಡೆಯ ಮೇಲಿಂದ ಕೆಳಗಿಟ್ಟಳು.

ಅವಳು ಸತ್ತದ್ದು ಆ ವಾರದೊಳಗೇ.

ಹೆಣ ಹೊತ್ತು ಮಾಳಕ್ಕೆ ಹೋದರೆ ಗೇಟಿಗೆ ಬೀಗ. ರಘುವಿನ ಕಡೆಯವರು ಒಳಗೆ. ಹೊರಗೆ ಒಬ್ಬ ಪೊಲೀಸು, ಪಾಪದವನು, ಬೆವರುತ್ತ ಹೇಳಿದ: "ವಿಚಾರಣೆ ನಡೀತಾ ಅದೆ. ಬೇರೆ ಎಲ್ಲಾದ್ರೂ ಮಾಡ್ಕೊಳ್ಳಿ. ಹೊಳೆ ಕಡೆ ಹೋಗಿ."

"ಹೊಳೇಲಿ ನಿಮ್ಮವ್ವನ್ನ ಬುಟ್ಟು ಬಂದಿದ್ರಾ?" ಎಂದಳು ಸಂಘಮಿತ್ರ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಚಟ್ಟವನ್ನು ಬಿಸಿಲಲ್ಲೇ ಇಳಿಸಿದರು. ತಮಟೆ ನಿಂತಿತು. ಬಿಸಿಲೇರಿತು, ನೊಣ ಬಂತು. ಜೆಸಿಬಿಯೊಂದು ಬೇಲಿಯೊಳಗೆ, ಹುಚ್ಚಯ್ಯನ ದಿಬ್ಬಕ್ಕೆ ನಾಲ್ಕು ಮಾರು ದೂರದಲ್ಲಿ, ಬಕೆಟ್ಟು ನೆಲಕ್ಕೆ ಊರಿ ನಿಂತಿತ್ತು. ಹೋಂಸ್ಟೇಯ ಬುನಾದಿಗೆ ತಂದದ್ದು. ಹಗಲೆಲ್ಲ ಅದನ್ನೇ ನೋಡುತ್ತ ಕೂರಬೇಕಾಯಿತು.

ಪುಟ್ಟತಾಯಮ್ಮ ಮನೆಗೆ ಹೋಗಿ ಬಂದಳು. ತಿಮ್ಮಮ್ಮ ಅರ್ಧಕ್ಕೆ ಬಿಟ್ಟ ಕಡ್ಡಿಯನ್ನು ಅವಳು ಅವತ್ತೇ ಮನೆಗೆ ಒಯ್ದಿದ್ದಳು, ಈಗ ಅದು ಅವಳ ಕೈಯಲ್ಲಿತ್ತು. ಕಟ್ಟಿದ್ದ ಸೊಪ್ಪು ಬಾಡಿ ಹಳದಿಗೆ ತಿರುಗಿತ್ತು. ಕಂಕುಳಲ್ಲಿ ಒಂದು ಹೊರೆ ಹಸಿ ಸೊಪ್ಪು. ಕಡ್ಡಿಯನ್ನು ಚಟ್ಟದ ಮೇಲೆ, ಮುದುಕಿಯ ಕಾಲ ಬಳಿ ಅಡ್ಡಲಾಗಿ ಇಟ್ಟಳು. ಹೆಂಗಸರ ಕಡೆ ತಿರುಗಿದಳು.

"ಇದ್ನ ನಾನ್ ಕಟ್ಟಂಗಿಲ್ಲ. ನಾನ್ ಯೋಳ್ದೋಳು. ಅಂದೋರು ಕಟ್ಬೇಕು."

ಮಹದೇವಪ್ಪನವರು ಕಾರಿನೊಳಗೆ ಗಾಜು ಇಳಿಸಿಕೊಂಡು ಕೂತು ಒಬ್ಬೊಬ್ಬಳ ಮುಖವನ್ನೂ ನೋಡುತ್ತಿದ್ದರು. ಪುಷ್ಪಾ ಎದ್ದಳು. ಬಂದು ಮಂಡಿಯೂರಿ ಒಂದು ಜೊತೆ ಸೊಪ್ಪು ಎತ್ತಿಕೊಂಡಳು. "ಆ ಕತೆ ಸುಳ್ಳು," ಎಂದು ಪೊಲೀಸಿನವನಿಗೆ ಕೇಳುವಂತೆ ಹೇಳಿ ಕಟ್ಟಿದಳು. ಆಮೇಲೆ ಅವಳ ಅತ್ತೆ. ಆಮೇಲೆ ಕೊನೆಮನೆಯವಳು. ಸುಳ್ಳು, ಒಂದು ಗಂಟು. ಸುಳ್ಳು, ಇನ್ನೊಂದು ಗಂಟು. ಕಾರಿನ ಗಾಜು ಮೇಲೇರಿತು.

ಕಡ್ಡಿ ಪೂರಾ ಆಗಲಿಲ್ಲ. ಕಟ್ಟಬೇಕಾದವರು ಮುಗಿದರು, ತುದಿಯಲ್ಲಿ ಒಂದು ಗೇಣು ಖಾಲಿ ಉಳಿಯಿತು. ಹೆಂಗಸರು ಎದ್ದು ತಂತಿ ಎತ್ತಿ ಹಿಡಿದರು, ಗಂಡಸರು ಚಟ್ಟ ದಾಟಿಸಿದರು. ಒಳಗಿದ್ದ ರಘುವಿನ ಕಡೆಯವರು ಗಾಜು ಮುಚ್ಚಿದ ಕಾರಿನ ಕಡೆ ನೋಡಿ ಹಿಂದೆ ಸರಿದರು. ಪೊಲೀಸಿನವನು ಬೀಡಿ ಹಚ್ಚಿಕೊಂಡು ರಸ್ತೆಯ ಕಡೆ ತಿರುಗಿ ನಿಂತ. ತಿಮ್ಮಮ್ಮ ತಾನು ಕಾಲಲ್ಲಿ ಗೀರಿ ಇಟ್ಟಿದ್ದ ಜಾಗಕ್ಕೇ ಹೋದಳು.

ಅದು ಗೆದ್ದ ಕತೆಯಲ್ಲ. ಬೇಲಿ ದಾಟಿದವರ ಮೇಲೆ ಮಾರನೆಯ ದಿನವೇ ಕೇಸಾಯಿತು. ಕೂಲಿ ಬಂದಿಲ್ಲ, ಪಟೇಲರ ಚಪ್ಪರಕ್ಕೆ ಈಗ ಪಿರಿಯಾಪಟ್ಟಣದ ಕಡೆಯ ಹೆಂಗಸರು ಟೆಂಪೊದಲ್ಲಿ ಬಂದು ಸೊಪ್ಪು ಕಟ್ಟುತ್ತಾರೆ. ಅಲ್ಲಿ ಯಾರೂ ಯಾವ ಮಾತಿನ ಹುಟ್ಟನ್ನೂ ಕೇಳುವುದಿಲ್ಲವಂತೆ. ಕತ್ತರಿಸಿದ ವಿಡಿಯೊ ಇನ್ನೂ ಓಡುತ್ತಿದೆ. ದೂರದೂರಿಂದ ಬಂದವರು ಗೇಟಿನ ಹೊರಗಿಂದ ಕೈ ಮುಗಿಯುತ್ತಾರೆ, ಕೆಲವರ ಕಣ್ಣು ದಿಬ್ಬಗಳನ್ನು ಅಳೆಯುತ್ತದೆ. ಮುಂದಿನ ಅಮಾವಾಸ್ಯೆ ದೂರವಿಲ್ಲ. ಜೆಸಿಬಿ ಜಾಗ ಬಿಟ್ಟು ಕದಲಿಲ್ಲ. ಎರಡನೆಯ ವಿಚಾರಣೆ ಸೊಪ್ಪಿನ ಕಾಲ ಮುಗಿದ ಮೇಲೆ ಇದೆ. ಪುಟ್ಟತಾಯಮ್ಮ ಈಗ ಕತೆ ಕಟ್ಟುವುದಿಲ್ಲ. ಬೆಳಿಗ್ಗೆ ಎದ್ದು ಮೊದಲು ತಂತಿಯಡಿ ನುಸುಳಿ ಎರಡು ದಿಬ್ಬದ ಮುಳ್ಳು ಸರಿಯಾಗಿದೆಯೇ ನೋಡಿ ಬರುತ್ತಾಳೆ. ಗೇಣು ಖಾಲಿ ಇರುವ ಆ ಕಡ್ಡಿ ಅವಳ ಮನೆಯ ಸೂರಿನಲ್ಲಿ ಸಿಕ್ಕಿಸಿದೆ.

ಇದನ್ನು ಓದುತ್ತಿರುವ ನೀವು ಆ ವಿಡಿಯೊ ನೋಡಿದ್ದೀರಿ. ನಕ್ಕಿದ್ದೀರಿ ಅಥವಾ ಕೈ ಮುಗಿದಿದ್ದೀರಿ, ಇನ್ನೊಬ್ಬರಿಗೆ ಕಳಿಸಿದ್ದೀರಿ. ಈಗ ಫೋನು ತೆಗೆಯಿರಿ. 'ಇವತ್ತೊಂದು ಸುಳ್ಳು ಕಟ್ಟಮ್ಮ' ಎಂದು ಶುರುವಾಗುವ ಮೊದಲನೆಯದು ನಿಮ್ಮಲ್ಲಿ ಉಳಿದಿದ್ದರೆ ಅಳಿಸಬೇಡಿ, ಹುಣಸೂರಿಗೆ ಸಂಘಮಿತ್ರಳ ಅಂಗಡಿಗೆ ತಂದು ಕೊಡಿ. ಇಲ್ಲದಿದ್ದರೆ ಯಾರಿಗೆಲ್ಲ ಕತ್ತರಿಸಿದ್ದನ್ನು ಕಳಿಸಿದ್ದೀರೋ ಅವರಿಗೆಲ್ಲ ಇವತ್ತೇ 'ಅದು ಸುಳ್ಳು' ಎಂದು ಹೇಳಿ. ಹೇಳಿ ಮನೆಯಲ್ಲಿ ಕೂರಬೇಡಿ. ವಿಚಾರಣೆಯ ದಿನ ಹೊಂಗೆಮರದ ಕೆಳಗೆ ಬಂದು ಆ ಅಧಿಕಾರಿಯ ಮುಂದೆ ಅದನ್ನೇ ಹೇಳಿ, ಆಮೇಲೆ ಕೂತು ಆ ಗೇಣು ಕಡ್ಡಿ ಕಟ್ಟಿ.